ತಿರುವಿನಲ್ಲಿ ಬಿಟ್ಟು ಬಂದ ಕಲ್ಲು

ಏಪ್ರಿಲ್ ತಿಂಗಳಲ್ಲಿ ನನ್ನನ್ನು ಮನೆಯಲ್ಲಿ ಕೂರಿಸುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಕಾಫಿ ಕುಯ್ಲು ಮುಗಿದಿರುತ್ತದೆ, ಕಣ ಗುಡಿಸಿಯಾಗಿರುತ್ತದೆ, ಮೊಗ್ಗು ಹೊತ್ತ ಗಿಡಗಳು ಹೂಮಳೆಗೆ ಕಾದು ನಿಂತಿರುತ್ತವೆ. ಅವುಗಳ ಜೊತೆ ನಾವೂ ಕಾಯಬೇಕು. ದಿನಾ ಮಧ್ಯಾಹ್ನ ಪುಷ್ಪಗಿರಿಯ ಕಡೆ ಮೋಡ ಕಟ್ಟುತ್ತದೆ, ಸ್ವಲ್ಪ ಗುಡುಗುತ್ತದೆ, ಸಂಜೆಯ ಹೊತ್ತಿಗೆ ಯಾರದೋ ತೋಟಕ್ಕೆ ಹೋಗಿಬಿಡುತ್ತದೆ. ಆಮೇಲೆ ಫೋನು ಶುರು. "ನಿಮ್ಗೆ ಎಷ್ಟು ಸೆಂಟ್ ಬಿತ್ತು?" ನಮ್ಮ ಕಡೆ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆಯುತ್ತಾರೆ. ನನ್ನ ಗಂಡ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ಬಗ್ಗಿ ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಸೊನ್ನೆ ಬರೆಯುತ್ತಾರೆ. ಆ ಸೊನ್ನೆಯನ್ನು ಅವರು ಎಷ್ಟು ದುಂಡಗೆ, ಎಷ್ಟು ಸಾವಧಾನವಾಗಿ ಬರೆಯುತ್ತಾರೆಂದರೆ ನೋಡಿದವರಿಗೆ ಮೈ ಉರಿಯಬೇಕು. ನನಗಂತೂ ಉರಿಯುತ್ತದೆ.

ಹಾಗಾಗಿ ಬೇಸಿಗೆಯಲ್ಲಿ ಏನಾದರೊಂದು ನೆಪ ಹೂಡಿ ಜೀಪು ಹತ್ತುತ್ತೇನೆ. ಸೋಮವಾರಪೇಟೆಯಲ್ಲಿ ಮುಗಿಯುವ ಕೆಲಸವಿದ್ದರೂ ಬೆಟ್ಟದ ರಸ್ತೆಗೆ ತಿರುಗಿಸುತ್ತೇನೆ. ಬೆಟ್ಟದ ಮೇಲಿನ ಊರಿಗೆ ನನ್ನ ನಾದಿನಿಯನ್ನು ಕೊಟ್ಟಿದೆ, ಅದು ನನ್ನ ಖಾಯಂ ನೆಪ. ನಮ್ಮ ಮನೆಯಿಂದ ಅವಳ ಮನೆಗೆ ಮುಕ್ಕಾಲು ಗಂಟೆಯ ದಾರಿ. ಮೊದಲು ಕಾಫಿ ತೋಟ, ಆಮೇಲೆ ಏಲಕ್ಕಿ ಕಾಡು, ಅದಾದ ಮೇಲೆ ಮರಗಳು ಗಿಡ್ಡಗಾಗುತ್ತಾ ಹೋಗಿ ಒಂದು ತಿರುವಿನಲ್ಲಿ ತಟ್ಟನೆ ಎರಡೂ ಬದಿ ಬರೀ ಹುಲ್ಲುಬೆಟ್ಟ. ಬೇಸಿಗೆಯಲ್ಲಿ ಆ ಹುಲ್ಲು ಒಣಗಿ ಕಂದಾಗಿರುತ್ತದೆ, ಅಲ್ಲಲ್ಲಿ ಬೆಂಕಿ ಬಿದ್ದ ಕಪ್ಪು ಪಟ್ಟೆ. ಬೆಟ್ಟಗಳ ನಡುವಿನ ಕಿಬ್ಬಿಗಳಲ್ಲಿ ಮಾತ್ರ ಹಸಿರು ಉಳಿದಿರುತ್ತದೆ. ಗಾಳಿ ಬೀಸಿದರೆ ಜೀಪಿನ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತದೆ. ಅಲ್ಲಿಗೆ ಬಂದಾಗ ಮಾತ್ರ ನನ್ನೊಳಗಿನ ಚಡಪಡಿಕೆ ಸ್ವಲ್ಪ ತಗ್ಗುತ್ತದೆ, ಕಾರಣ ಗೊತ್ತಿಲ್ಲ.

ನಾನು ಜೀಪು ಕಲಿತದ್ದು ನಲವತ್ತಮೂರನೇ ವಯಸ್ಸಿನಲ್ಲಿ, ಆಸೆಯಿಂದಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ನನ್ನ ಗಂಡ ತಂಗಿಯ ಮನೆಯಿಂದ ಬೈಕಿನಲ್ಲಿ ಇಳಿದು ಬರುತ್ತಿದ್ದರು. ಒರತೆಯ ತಿರುವಿನಲ್ಲಿ, ರಸ್ತೆಯ ನಡುವೆ, ಒಂದು ಕಲ್ಲು. ತೆಂಗಿನಕಾಯಿ ಗಾತ್ರದ್ದು. ತಿರುಗುವವರೆಗೂ ಕಾಣುವುದಿಲ್ಲ, ಕಂಡ ಮೇಲೆ ಮಾಡುವುದಕ್ಕೇನೂ ಇರುವುದಿಲ್ಲ. ಎಡಗಾಲಿನ ತೊಡೆಮೂಳೆ ಎರಡು ಕಡೆ ಮುರಿದಿತ್ತು. ರಾಡು ಹಾಕಿದರು, ಕಾಲು ಉಳಿಯಿತು, ಆದರೆ ಕ್ಲಚ್ಚು ಒತ್ತುವ ಶಕ್ತಿ ಬರಲಿಲ್ಲ. ಅಂದಿನಿಂದ ಕೋಲು ಅವರ ಕೈಗೆ ಬಂತು, ಸ್ಟಿಯರಿಂಗು ನನ್ನ ಕೈಗೆ.

ಅದು ಗುಡ್ಡದಿಂದ ಉರುಳಿದ ಕಲ್ಲಲ್ಲ. ಯಾರೋ ಗಾಡಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕೊಟ್ಟ ಕಲ್ಲು. ನಮ್ಮ ಜೀಪುಗಳಿಗೆಲ್ಲ ಹ್ಯಾಂಡ್‌ಬ್ರೇಕು ಇರುವುದು ನಾಮಕಾವಸ್ತೆಗೆ. ಏರಿನಲ್ಲಿ ನಿಲ್ಲಿಸಿದರೆ ಮೊದಲು ಇಳಿದು ಚಕ್ರದ ಹಿಂದೆ ಕಲ್ಲು ಕೊಡುವುದು ಇಲ್ಲಿ ಎಲ್ಲರ ಅಭ್ಯಾಸ. ಕೊಡುವುದು ಎಲ್ಲರಿಗೂ ನೆನಪಿರುತ್ತದೆ. ಹೊರಡುವಾಗ ಗಾಡಿ ಮುಂದೆ ಹೋಗುತ್ತದೆ, ಕಲ್ಲು ಹಿಂದೆ ಉಳಿಯುತ್ತದೆ, ಏರಿನಲ್ಲಿ ಮತ್ತೆ ನಿಲ್ಲಿಸಿ ಇಳಿದು ಬಂದು ಅದನ್ನು ಎತ್ತಿ ಬದಿಗಿಡುವ ವ್ಯವಧಾನ ಯಾರಿಗಿದೆ? ಅವರನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದವರು ಹೇಳಿದ್ದರು, ಕಲ್ಲಿನ ಹತ್ತಿರವೇ ರಸ್ತೆಯಲ್ಲಿ ನೀರು ಚೆಲ್ಲಿತ್ತು, ಇನ್ನೂ ಆರಿರಲಿಲ್ಲ ಎಂದು. ಅಂದರೆ ಆಸಾಮಿ ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಅವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಗೊತ್ತಾಗದ ಅವನಿಗೆ ನಾನು ಹನ್ನೊಂದು ವರ್ಷ ಬೈದಿದ್ದೇನೆ. ಆ ತಿರುವು ಬಂದಾಗಲೆಲ್ಲ, ಜೀಪಿನಲ್ಲಿ ಯಾರೇ ಇರಲಿ, ಅವನ ವಂಶವನ್ನು ಒಮ್ಮೆ ಜಾಲಾಡಿಸದೆ ಮುಂದೆ ಹೋದವಳಲ್ಲ. ಕುಡುಕನಿರಬೇಕು, ಮನುಷ್ಯನಾಗಿರಲಿಕ್ಕಿಲ್ಲ, ಅವನಿಗೂ ಹೆಂಡತಿ ಮಕ್ಕಳಿಲ್ಲವೇ, ಹೀಗೆ. ನನ್ನ ಗಂಡ ಒಂದು ದಿನವೂ ಬೈದವರಲ್ಲ. ಆಸ್ಪತ್ರೆಯಿಂದ ಬಂದು ಕೋಲೂರಿ ನಿಲ್ಲುವಷ್ಟಾದಾಗ ಅವರು ಮಾಡಿದ ಮೊದಲ ಕೆಲಸವೆಂದರೆ, ಒಂದು ಹಲಸಿನ ಮರದ ತುಂಡನ್ನು ಮೂಲೆ ಕೆತ್ತಿ, ತೂತು ಕೊರೆದು, ಹಗ್ಗ ಪೋಣಿಸಿ ಜೀಪಿನ ಹಿಂದಿನ ಕೊಂಡಿಗೆ ಕಟ್ಟಿದ್ದು. ನಿಲ್ಲಿಸಿದಾಗ ಕಲ್ಲಿನ ಬದಲು ಆ ತುಂಡನ್ನು ಕೊಡಬೇಕು. ಹೊರಟರೆ ಅದು ಹಗ್ಗದಲ್ಲಿ ಹಿಂದೆಯೇ ಬರುತ್ತದೆ, ಮರೆತರೂ ರಸ್ತೆಯಲ್ಲಿ ಉಳಿಯುವುದಿಲ್ಲ. ಸಮತಟ್ಟು ಸಿಕ್ಕಾಗ ನಿಲ್ಲಿಸಿ ಒಳಗೆ ಎಸೆದುಕೊಂಡರಾಯಿತು.

ಕೇಳಲು ಚೆನ್ನಾಗಿದೆ. ಆದರೆ ಅದು ಹಿಂದಿನಿಂದ ಗಡಗಡ ಗಡಗಡ ಎಂದು ಉರುಳಿಕೊಂಡು ಬರುವ ಸದ್ದನ್ನು ನಾನು ಹತ್ತು ವರ್ಷ ಸಹಿಸಿದ್ದೇನೆ. ಈಚೆಗೆ ಬೆಟ್ಟದ ತುದಿಗೆ ಪ್ರವಾಸಿಗರು ಜಾಸ್ತಿಯಾಗಿ, "ಮೇಡಂ, ನಿಮ್ಮ ಗಾಡಿಯಿಂದ ಏನೋ ಬಿದ್ದಿದೆ" ಎಂದು ಕೂಗುವವರು, ವಿಡಿಯೋ ತೆಗೆಯುವವರು. ಕಳೆದ ಮಾರ್ಚಿನಲ್ಲಿ ಒಂದು ದಿನ ರೇಗಿಹೋಗಿ ಹಗ್ಗ ಬಿಚ್ಚಿ ಎಸೆದೆ. ಮರದ ತುಂಡನ್ನು ಕೋಳಿಗೂಡಿನ ಬಾಗಿಲಿಗೆ ಕೊಟ್ಟೆ. ಗಂಡ ಕೇಳಿದ್ದಕ್ಕೆ, ಹಗ್ಗ ಲಡ್ಡಾಗಿತ್ತು, ಹೊಸದು ತಂದು ಕಟ್ಟುತ್ತೇನೆ ಎಂದೆ. ಅವರು ಹೂಂ ಎಂದರು. ನಾನು ತರಲಿಲ್ಲ.

ಮರುತಿಂಗಳು ಒಂದು ದಿನ ನಾದಿನಿಯನ್ನು ಅವಳ ಮನೆಗೆ ಬಿಡಲು ಹೊರಟಿದ್ದೆ. ಅಣ್ಣನನ್ನು ನೋಡಲೆಂದು ಬಂದು ಎರಡು ದಿನ ಇದ್ದಳು. ಬೆಟ್ಟದ ಮೇಲೆ ಮೂವತ್ತು ವರ್ಷ ಬಾಳಿದರೂ ಅವಳಿಗೆ ತಿರುವು ಕಂಡರೆ ವಾಂತಿ. ಜೀಪು ಹತ್ತಿದೊಡನೆ ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಸುತ್ತಾ ಕೂತರೆ ಮನೆ ಬರುವವರೆಗೆ ಮಾತಿಲ್ಲ. ಬಿಸಿಲು ಹನ್ನೊಂದಕ್ಕೇ ಚುರುಗುಟ್ಟುತ್ತಿತ್ತು. ಒರತೆಯ ತಿರುವಿಗೆ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಿತು. ಅಲ್ಲಿ ಎಲ್ಲರ ಗಾಡಿಯೂ ಕಾಯುತ್ತದೆ, ಕೆಳಗಿನಿಂದ ಏಳು ತಿರುವು ಒಂದೇ ಸಮನೆ ಫಸ್ಟ್ ಗೇರಿನಲ್ಲಿ ಹತ್ತಿ ಬಂದಿರುತ್ತದೆ. ಒರತೆಯ ನೀರೂ ಅಲ್ಲೇ ಇರುವುದರಿಂದ ನಿಲ್ಲಿಸುವವರೂ ಅಲ್ಲೇ ನಿಲ್ಲಿಸುತ್ತಾರೆ.

ಇಳಿದೆ. ಮೋರಿಯ ಬದಿಯಿಂದ ಒಂದು ಕಲ್ಲು ಎತ್ತಿ ಹಿಂದಿನ ಚಕ್ರಕ್ಕೆ ಕೊಟ್ಟೆ. ಕೊಡುತ್ತಾ ವಾಡಿಕೆಯಂತೆ ಅವನಿಗೆ ಬೈದೆ ಕೂಡ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೇಸಿಗೆಯ ಒರತೆ ಕಡ್ಡಿ ಗಾತ್ರ ಇಳಿಯುತ್ತಿತ್ತು. ಕ್ಯಾನು ತುಂಬಲು ಯುಗವಾಯಿತು. ತಡೆಯಲಾರದೆ ರೇಡಿಯೇಟರಿನ ಮುಚ್ಚಳ ಬೇಗ ತೆಗೆದುಬಿಟ್ಟೆ, ಬಟ್ಟೆ ಹಿಡಿದಿದ್ದರೂ ಆವಿ ನುಗ್ಗಿ ಮಣಿಕಟ್ಟು ಸುಟ್ಟಿತು. ಅರ್ಧ ನೀರು ಒಳಗೆ, ಅರ್ಧ ರಸ್ತೆಗೆ. ಅಷ್ಟರಲ್ಲಿ ಹಿಂದೆ ಎರಡು ಟೂರಿಸ್ಟ್ ಜೀಪು ಬಂದು ನಿಂತು ಹಾರ್ನು ಹೊಡೆಯತೊಡಗಿದವು. ಹಾರ್ನು ಕೇಳಿದರೆ ನನಗೆ ತಲೆ ಕೆಡುತ್ತದೆ. "ಹೊಡೀರಿ ಹೊಡೀರಿ, ರೋಡು ನಿಮ್ಮಪ್ಪಂದೇ" ಎಂದು ಗೊಣಗಿ, ಹತ್ತಿ, ಕ್ಲಚ್ಚು ಬಿಟ್ಟು, ದೂಳೆಬ್ಬಿಸಿಕೊಂಡು ಹೊರಟೆ. ಮೇಲೆ ಅಗಲ ಸಿಕ್ಕಲ್ಲಿ ಬದಿಗೆ ತೆಗೆದು ಅವರನ್ನು ಮುಂದೆ ಬಿಟ್ಟೆ. ಕಲ್ಲಿನ ನೆನಪು ನನಗೆ ಎಳ್ಳಷ್ಟೂ ಇರಲಿಲ್ಲ.

ನಾದಿನಿಯ ಮನೆಯಲ್ಲಿ ಅವಳ ಮಗಳು ಡ್ಯೂಟಿಗೆ ಹೊರಟು ನಿಂತಿದ್ದಳು. ಸೋಮವಾರಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು, ಆ ವಾರ ಮಧ್ಯಾಹ್ನದ ಪಾಳಿ. ಅಮ್ಮನ ಕೈಗೆ ಬೀಗದ ಕೈ ಕೊಟ್ಟು, ಹೆಲ್ಮೆಟ್ಟಿನೊಳಗಿನಿಂದಲೇ, "ಅತ್ತೆ, ಊಟ ಮಾಡ್ಕೊಂಡೇ ಹೋಗ್ಬೇಕು, ರೊಟ್ಟಿ ಹಾಕಿಟ್ಟಿದೀನಿ" ಎಂದು ಕೂಗಿ ಕೆಂಪು ಸ್ಕೂಟಿಯಲ್ಲಿ ಭರ್ರನೆ ಇಳಿದು ಹೋದಳು. ನಾನು ಕೈಕಾಲು ತೊಳೆದು ಜಗಲಿಯಲ್ಲಿ ಕೂತು ಅಕ್ಕಿರೊಟ್ಟಿ, ಎಳೆ ಹಲಸಿನ ಪಲ್ಯ ಬಡಿಸಿಕೊಂಡೆ. ಎರಡನೇ ತುತ್ತು ಬಾಯಲ್ಲಿತ್ತು. ವಾಂತಿಯ ಸಂಕಟ ಇಳಿದು ಚೇತರಿಸಿಕೊಂಡಿದ್ದ ನಾದಿನಿ ಅಂಗಳದಲ್ಲಿ ಜೀಪಿನ ಹಿಂದೆ ನಿಂತು ಕೇಳಿದಳು.

"ಅತ್ತಿಗೆ, ಅಣ್ಣ ಮಾಡಿದ ಮರದ ತುಂಡೆಲ್ಲಿ? ಅಂಗಳ ಇಳಿಜಾರಿದೆ, ಕಲ್ಲ್ ಕೊಡ್ಲಾ?"

ತಟ್ಟೆ ಬದಿಗಿಟ್ಟು ಎದ್ದೆ. ಕಲ್ಲು. ತಿರುವು. ಈಗಷ್ಟೇ ಇಳಿದ ಹುಡುಗಿ.

"ಅವ್ಳು ಹೋಗಿ ಎಷ್ಟೊತ್ತಾಯ್ತು?"

"ಯಾರು? ಒಂದ್ ಹತ್ ನಿಮಿಷ ಆಗಿರ್ಬೋದು. ಎಂತಾಯ್ತು ಅತ್ತಿಗೆ? ರೊಟ್ಟಿ ಬಿಟ್ಟು ಎಲ್ಲಿಗೆ?"

ಏನು ಹೇಳಲಿ? ನಿನ್ನ ಮಗಳ ದಾರಿಯಲ್ಲಿ ಕಲ್ಲಿಟ್ಟು ಬಂದಿದ್ದೇನೆ ಎನ್ನಲೇ? ಏನೋ ಮರೆತೆ, ಬಂದೆ ಎಂದು ತೊದಲಿ, ಎಂಜಲು ಕೈಯಲ್ಲೇ ಜೀಪು ತಿರುಗಿಸಿದೆ. ಆ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ಲಿಲ್ಲ. ರಸ್ತೆಯಲ್ಲಿ ಕೆಳಗಿನ ಬಸ್ ಸ್ಟಾಪಿನವರೆಗೂ ಇಲ್ಲ. ಇಳಿಯದೆ ಬೇರೆ ದಾರಿಯೇ ಇರಲಿಲ್ಲ.

ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದನ್ನು ನಾನು ಬೇರೆಯವರಿಗೆ ಎಷ್ಟು ಸಲ ಪಾಠ ಮಾಡಿಲ್ಲ. ಆ ದಿನ ಆ ನಿಯಮ ನನ್ನ ಪ್ರಾಣ ತೆಗೆಯಿತು. ಎರಡನೇ ತಿರುವಿನಲ್ಲೇ ಎದುರಿಗೆ ಸಾಲಾಗಿ ನಾಲ್ಕು ಜೀಪು. ಹಿಂದಕ್ಕೆ, ಏರಿಗೆ, ರಿವರ್ಸಿನಲ್ಲಿ ಅಗಲ ಸಿಗುವ ತನಕ ಹೋಗಿ ನಿಂತೆ. ಒಂದೊಂದೇ ಜೀಪು ತೆವಳಿಕೊಂಡು ದಾಟುತ್ತಿತ್ತು. ನಿಂತು ಫೋಟೋ ತೆಗೆಯುವ ಜನ, ಟಾರ್ಪಾಲು ಬಿಚ್ಚಿದ ಜೀಪಿನಲ್ಲಿ ಎದ್ದು ನಿಂತು ಕೇಕೆ ಹಾಕುವ ಜನ. ಒಬ್ಬಳು ನನ್ನ ಕಡೆ ಕೈಬೀಸಿ ನಕ್ಕಳು. ಅವಳ ಹಿಂದೆ ಬೆಟ್ಟದ ಸಾಲುಗಳು ಬಿಸಿಲ ಮಬ್ಬಿನಲ್ಲಿ ಒಂದರ ಹಿಂದೊಂದು ತೆಳುವಾಗುತ್ತಾ ಹೋಗಿದ್ದವು. ಯಾವ ಬೆಟ್ಟ ನೋಡಿದರೆ ನನ್ನ ಜೀವ ತಣ್ಣಗಾಗುತ್ತಿತ್ತೋ ಅದರ ಮೇಲೆ ಆಗ ನನಗೆ ಸಿಟ್ಟು ಬಂತು.

ಕೊನೆಯ ಜೀಪಿನ ಡ್ರೈವರು ನನಗೆ ಪರಿಚಯದವನು. ನಿಲ್ಲಿಸಿ, "ಏನಕ್ಕ, ಇಷ್ಟ್ ಅರ್ಜೆಂಟು?" ಎಂದ.

"ಒರತೆ ತಿರುವಲ್ಲಿ ಕಲ್ಲಿತ್ತಾ? ರೋಡಲ್ಲಿ?"

"ಈ ರೋಡಲ್ಲಿ ಕಲ್ಲು ಬಿಟ್ರೆ ಇನ್ನೆಂತ ಇದೆ ಅಕ್ಕ?" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನಾನ್ ನೋಡಿಲ್ಲ. ಮುಂದಿನ್ ಗಾಡಿ ದೂಳಲ್ಲಿ ಎಂತದೂ ಕಾಣ್ತಿರ್ಲಿಲ್ಲ."

"ಕೆಂಪು ಸ್ಕೂಟಿ?"

"ನರ್ಸಮ್ಮಂದಾ? ಸಿಕ್ತಪ್ಪ ಎದುರಿಗೆ. ಒರತೆಗಿಂತ ಮೇಲೋ ಕೆಳಗೋ, ಅದ್ ನೆನಪಿಲ್ಲ."

ಮೇಲೋ ಕೆಳಗೋ. ಇಡೀ ಭೂಮಿಯಲ್ಲಿ ನನಗೆ ಬೇಕಾಗಿದ್ದುದು ಅದೊಂದೇ ಸಂಗತಿ, ಅದೊಂದೇ ಅವನಿಗೆ ಗೊತ್ತಿರಲಿಲ್ಲ. ಅಲ್ಲಿಂದ ಒರತೆಗೆ ಐದು ತಿರುವು. ಒಂದೊಂದು ತಿರುವಿನಲ್ಲೂ ಮುಂದೆ ಏನು ಕಾಣುತ್ತದೋ ಎಂದು ಸ್ಟಿಯರಿಂಗಿನ ಮೇಲೆ ಬಗ್ಗಿ ನೋಡುತ್ತಿದ್ದೆ. ದೇವರಿಗೆ ಹರಕೆ ಹೊರಲು ಹೋದೆ, ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಾಗ ಮೂಗಿಗೆ ಬಡಿದಿದ್ದ ಫಿನಾಯಿಲ್ ವಾಸನೆ ಮಾತ್ರ ಬಂತು.

ಒರತೆಯ ತಿರುವು. ಕಲ್ಲಿಲ್ಲ.

ನಿಲ್ಲಿಸಿ ಇಳಿದೆ. ನಾನು ಚೆಲ್ಲಿದ ನೀರು ಆರಿ ರಸ್ತೆಯ ಅಂಚಿನಲ್ಲಿ ಮಾತ್ರ ತೇವವಿತ್ತು. ಗಾಜಿನ ಚೂರಿಲ್ಲ, ಟೈರು ಜಾರಿದ ಗುರುತಿಲ್ಲ. ಕಲ್ಲು ಇಲ್ಲವೆಂದರೆ ಅದು ಎಲ್ಲಿಗೋ ಹೋಗಿರಬೇಕಲ್ಲ, ತಾನಾಗಿ ಹೋಗುವುದಿಲ್ಲ, ಯಾವುದಾದರೂ ಚಕ್ರ ಬಡಿದೇ ಹೋಗಬೇಕು. ಅಂಚಿಗೆ ಓಡಿ ಕೆಳಗೆ ಬಗ್ಗಿ ನೋಡಿದೆ. ಕೆಳಗೆ, ಲಂಟಾನದ ಪೊದೆಯ ಆಚೆ, ಕೆಂಪಗೆ ಏನೋ.

ಆ ಒಂದು ಗಳಿಗೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಅಲ್ಲೇ ಕುಕ್ಕರಿಸಿದೆ. ಅವಳ ಹೆಸರು ಹಿಡಿದು ಕೂಗಿದೆ. ಎರಡನೇ ಸಲ ಕೂಗುವಾಗ ಕಣ್ಣೊರೆಸಿಕೊಂಡು ನೋಡಿದೆ. ಎಲೆ ಉದುರಿಸಿ ನಿಂತ ಹಾಲವಾಣದ ಮರ, ಅದರ ಬುಡದಲ್ಲಿ ರಾಶಿ ಬಿದ್ದ ಕೆಂಪು ಹೂ. ಪ್ರತಿ ಬೇಸಿಗೆಯಲ್ಲೂ ನೋಡುವ ಹೂವೇ.

ಎದ್ದು ತಿರುಗಿದಾಗ ಕಲ್ಲು ಕಂಡಿತು. ಮೋರಿಯ ಕಟ್ಟೆಯ ಮೇಲೆ, ಯಾರ ಕಾಲಿಗೂ ಚಕ್ರಕ್ಕೂ ಸಿಗದಂತೆ, ನೆಟ್ಟಗೆ ಇಟ್ಟಿತ್ತು. ಅದರ ಒಂದು ಮೈಯಲ್ಲಿ ನನ್ನ ಟೈರಿನ ಕಪ್ಪು ಗೆರೆ. ಅದನ್ನು ಅಲ್ಲೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಎತ್ತಿ ಜೀಪಿನಲ್ಲಿ, ಪಕ್ಕದ ಸೀಟಿನ ಕೆಳಗೆ ಇಟ್ಟುಕೊಂಡೆ.

ಬಸ್ ಸ್ಟಾಪಿನ ಹತ್ತಿರ ಸಿಗ್ನಲ್ ಬಂದ ಕೂಡಲೇ ಫೋನು ಮಾಡಿದೆ. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದಳು.

"ಹೇಳಿ ಅತ್ತೆ, ಈಗಷ್ಟೇ ಬಂದೆ, ಡ್ರೆಸ್ ಬದ್ಲಾಯಿಸ್ತಿದೀನಿ. ರೊಟ್ಟಿ ತಿಂದ್ರಾ?"

ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲವೇ ಎಂದಷ್ಟೇ ಕೇಳಿದೆ.

"ಎಂತ ಆಗ್ಲಿಲ್ಲ. ಆ ಒರತೆ ಹತ್ರ ಯಾವನೋ ಕತ್ತೆ ಟೈರಿನ್ ಕಲ್ಲ್ ಬಿಟ್ಟು ಹೋಗಿದ್ದ. ಮಾವನ್ ಕಾಲು ಮುರಿದಾಗಿಂದ ನಾನು ಆ ತಿರುವಲ್ಲಿ ನಡ್ಕೊಂಡು ಹೋಗೋ ಹಂಗೇ ಗಾಡಿ ಬಿಡೋದು, ಅದಕ್ಕೆ ಬಚಾವ್. ಎತ್ತಿ ಮೋರಿ ಮೇಲಿಟ್ಟು ಬಂದೆ. ನೀವು ಬೈಯೋದ್ರಲ್ಲಿ ತಪ್ಪೇ ಇಲ್ಲ ಅತ್ತೆ. ಎಂಥಾ ಜನ!"

"ಹೌದು ಕಣೇ," ಎಂದೆ. "ಎಂಥಾ ಜನ."

ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹನ್ನೊಂದು ವರ್ಷ ಅಷ್ಟು ಜೋರಾಗಿ ಮಾತಾಡಿದ ಬಾಯಿ. ಫೋನಿಟ್ಟ ಮೇಲೆ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಎಷ್ಟೋ ಹೊತ್ತು ಕೂತಿದ್ದೆ. ಸಮಾಧಾನಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಬೇರೆ ಹುಡುಗಿಯಾಗಿದ್ದರೆ, ಆ ತಿರುವಿನ ಕತೆ ಗೊತ್ತಿಲ್ಲದವಳಾಗಿದ್ದರೆ, ಎಂದು ಯೋಚಿಸಿ ಯೋಚಿಸಿ ತಲೆ ಬಿಸಿಯಾಯಿತು.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಗಂಡ ಜಗಲಿಯಲ್ಲಿ ಕೂತು ಮೋಡ ನೋಡುತ್ತಿದ್ದರು. ನಾನು ಜೀಪಿನಿಂದ ಕಲ್ಲು ಇಳಿಸಿ ಅವರ ಮುಂದೆ ಮೆಟ್ಟಿಲ ಮೇಲಿಟ್ಟೆ. ಸುತ್ತಿಬಳಸಿ ಹೇಳೋಣವೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಇವತ್ತು ಒರತೆ ತಿರುವಿನಲ್ಲಿ ಇದನ್ನು ಟೈರಿಗೆ ಕೊಟ್ಟು ಬಿಟ್ಟುಬಂದೆ, ನಿಮ್ಮ ತಂಗಿಯ ಮಗಳು ಅದೇ ದಾರಿಯಲ್ಲಿ ಇಳಿದಳು, ಅವಳಿಗೇನೂ ಆಗಲಿಲ್ಲ, ಅವಳೇ ಎತ್ತಿಟ್ಟಳು ಎಂದು ಒಂದೇ ಉಸಿರಿಗೆ ಹೇಳಿದೆ. ಹಗ್ಗ ಲಡ್ಡಾಗಿರಲಿಲ್ಲ, ನಾನೇ ಬಿಚ್ಚಿದ್ದು ಎಂದೂ ಹೇಳಿದೆ.

ಅವರು ಕಲ್ಲನ್ನು ನೋಡಿದರು. ಕೋಲಿನ ತುದಿಯಿಂದ ಅದನ್ನು ಸ್ವಲ್ಪ ಹೊರಳಿಸಿ, ಟೈರಿನ ಗೆರೆ ಇದ್ದ ಮೈಯನ್ನು ಮೇಲೆ ಮಾಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಇದನ್ನ ಕೋಳಿಗೂಡಿಗೆ ಕೊಡು," ಎಂದರು. "ಆ ಮರದ ತುಂಡು ಇತ್ಲಾಗ್ ತಾ. ಹಗ್ಗ ನಾನು ಹೋದ್ ತಿಂಗ್ಳೇ ತರಿಸಿಟ್ಟಿದೀನಿ."

ಅಂದರೆ ಅವರಿಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ದಿನ ಕೋಳಿಗೂಡಿನ ಬಾಗಿಲು ನೋಡುತ್ತಾ ಸುಮ್ಮನೆ ಕೂತಿದ್ದರು. ಬೇರೆ ದಿನವಾಗಿದ್ದರೆ ಅದಕ್ಕೇ ಒಂದು ಜಗಳ ತೆಗೆಯುತ್ತಿದ್ದೆ.

ಮರದ ತುಂಡು ತಂದು ಕೊಟ್ಟೆ. ಅದರ ತೂತಿನಲ್ಲಿ ಸೇರಿದ್ದ ಕೋಳಿ ಪುಕ್ಕವನ್ನು ಕಡ್ಡಿಯಿಂದ ಚುಚ್ಚಿ ತೆಗೆಯುತ್ತಿದ್ದವರು ನನ್ನ ಮಣಿಕಟ್ಟು ನೋಡಿ ಕೈ ನಿಲ್ಲಿಸಿದರು. ಸುಟ್ಟ ಜಾಗ ಕೆಂಪಾಗಿ ಬೊಬ್ಬೆ ಎದ್ದಿತ್ತು.

"ಇದೆಂತ?"

"ರೇಡಿಯೇಟರು. ಕಾದಿತ್ತು. ತಡೀಲಿಲ್ಲ ನಾನು."

ಅವರು ಕೋಲೂರಿ ಎದ್ದು ಒಳಗೆ ಹೋಗಿ ಸುಟ್ಟಗಾಯದ ಮುಲಾಮು ತಂದರು. ನನ್ನ ಕೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಸೊನ್ನೆ ಬರೆಯುವಷ್ಟೇ ಸಾವಧಾನವಾಗಿ, ಬೊಬ್ಬೆಯ ಸುತ್ತ ಹಚ್ಚತೊಡಗಿದರು. ಪುಷ್ಪಗಿರಿಯ ಕಡೆ ಒಮ್ಮೆ ಗುಡುಗಿತು. ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

"ಅವತ್ತೂ ರೋಡಲ್ಲಿ ನೀರು ಚೆಲ್ಲಿತ್ತು ಅಂದಿದ್ರಲ್ಲ," ಎಂದರು ಮುಲಾಮು ಹಚ್ಚುತ್ತಲೇ. "ಅವನ ಗಾಡೀನೂ ಕಾದಿತ್ತೇನೋ, ಪಾಪ."

ನನಗೆ ಅಳು ಬಂತು. ಉರಿಗೆ ಎಂದು ತಿಳಿದು ಅವರು ಗಾಯದ ಮೇಲೆ ಮೆಲ್ಲಗೆ ಊದಿದರು.